ಆಷಾಢದ ಗಾಳಿಗೂ ಅಲುಗದ ಬಳ್ಳಿ

ಕೋಲಾರದ ಚಿನ್ನದ ಗಣಿಗಳಲ್ಲೊಂದಾದ ನಂದಿದುರ್ಗ ಮೈನ್ಸ್‌ನ ಹಳೆಯ ಬಂಗಲೆಯೊಂದರ ಪಶ್ಚಿಮದ ಗೋಡೆಯ ಬಗ್ಗೆ ನಾನು ಹೇಳಿದ್ದನ್ನೇ ಹೇಳಿ ಬೆಂಗಳೂರಿನ ಗೆಳೆಯರಿಗೆ ಸಾಕಾಗಿ ಹೋಗಿದೆ. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹಿಡಿದು ಹೋದದ್ದು ಬೇರೆ ಕೆಲಸಕ್ಕೆ. ಕಂಡದ್ದು ಇದು: ಕಲ್ಲಿನ ಗೋಡೆ, ತುಕ್ಕು ಹಿಡಿದ ತಗಡಿನ ಸೂರು, ಗಾಜಿಲ್ಲದ ಕಿಟಕಿ. ಬುಡದಿಂದ ಸೂರಿನವರೆಗೆ ಒಂದು ಕಲ್ಲೂ ಕಾಣದಷ್ಟು ಹಸಿರು. ಆಷಾಢದ ಗಾಳಿ, ಚಿನ್ನ ತೆಗೆದುಳಿದ ಸೈನೈಡ್ ದಿಬ್ಬದ ನುಣುಪು ಮಣ್ಣನ್ನು ಎತ್ತಿ ತಂದು ಹಲ್ಲಿನ ಸಂದಿಗೆ ತುಂಬುತ್ತಿತ್ತು. ಪಕ್ಕದ ಮನೆಯ ನುಗ್ಗೆಮರದ ಕೊಂಬೆ ಮುರಿದು ಬಿದ್ದಿತ್ತು. ಈ ಗೋಡೆಯ ಒಂದೆಲೆಯೂ ಅಲುಗುತ್ತಿರಲಿಲ್ಲ.

‘ಇದಕ್ಕೆ ನೀರು ಯಾರಮ್ಮ ಹಾಕ್ತಾರೆ?’ ಎಂದೆ ಅಲ್ಲಿದ್ದ ಹೆಂಗಸನ್ನು.

‘ಯಾರು ಹಾಕ್ತಾರೆ ಸಾರ್, ನಮಗೇ ನೀರಿಲ್ಲ. ಅಪ್ಪ ಮೈನ್ಸಿಗೆ ಹೋಗ್ತಿದ್ದ ಕಾಲದಿಂದ್ಲೂ ಅದರ ಪಾಡಿಗೆ ಅದು ಐತೆ.’

ಊರಿನ ಕಥೆ ಓದುಗರಿಗೆ ಗೊತ್ತಿರುವುದೇ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು, 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬಂತು, ಬೇತಮಂಗಲದಿಂದ ಪಾಲಾರ್ ನೀರು ಬಂತು, ನೀರಿನ ಹಿಂದೆಯೇ ಸಾಹೇಬರ ಹೂದೋಟಗಳೂ ಬಂದವು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಸೇರಿದವು. 2001ರ ಫೆಬ್ರವರಿ 28ಕ್ಕೆ ಎಲ್ಲ ಮುಗಿಯಿತು. ತೋಟಗಳಲ್ಲಿ ಗುಲಾಬಿ ಮೊದಲು ಹೋಯಿತು, ಲಾನ್ ಆಮೇಲೆ. ಉಳಿದದ್ದು ಯಾರ ಹಂಗೂ ಬೇಡದ ಗಿಡಗಳು.

ಇಂಥ ಗಿಡಗಳಿಗೆ ಚಳಿಯ ಕಾಟವೇ ಎಂದರೆ, ನಮ್ಮ ಚಳಿ ಎಂಥ ಚಳಿ ಎಂದು ನಗುವವರಿದ್ದಾರೆ. ಕೋಲಾರದ ಈ ಬಯಲು ಸುಮಾರು 850 ಮೀಟರ್ ಎತ್ತರದಲ್ಲಿದೆ. ಧನುರ್ಮಾಸದ ರಾತ್ರಿಗೂ ಇಲ್ಲಿ ಹಿಮ ಬೀಳುವುದಿಲ್ಲ. ಈ ಗಣಿಯ ಹೆಸರಿನದೇ ಬೆಟ್ಟ, ಚಿಕ್ಕಬಳ್ಳಾಪುರದ ನಂದಿ, 1478 ಮೀಟರ್ ಎತ್ತರವಿದೆ. ಅಲ್ಲಿ ಚಳಿ ನಿಜಕ್ಕೂ ಕಚ್ಚುತ್ತದೆ, ಆದರೆ ಜೊತೆಗೆ ಮಂಜಿನ ತೇವವೂ ಇರುತ್ತದೆ. ಗಣಿಯ ಬಯಲಿಗೆ ಆ ಭಾಗ್ಯವಿಲ್ಲ. ನಿತ್ಯಹಸಿರು ಬಳ್ಳಿಯನ್ನು ಇಲ್ಲಿ ಕೊಲ್ಲುವುದು ಒಣಗಾಳಿ. ಎಲೆ ಉದುರಿಸಿ ಮಲಗುವ ಗಿಡಕ್ಕೆ ಬರಗಾಲದಲ್ಲಿ ಖರ್ಚಿಲ್ಲ; ವರ್ಷವಿಡೀ ಎಲೆ ಹೊತ್ತು ನಿಲ್ಲುವುದು ಬೇರು ತಂದಷ್ಟನ್ನೂ ಗಾಳಿಗೆ ಕೊಡುತ್ತಲೇ ಇರಬೇಕು. ನರ್ಸರಿಯವರು ‘ವರ್ಷಪೂರ್ತಿ ಹಸಿರು ಸಾರ್’ ಎಂದು ಮಾರುವಾಗ ಈ ಲೆಕ್ಕ ಹೇಳುವುದಿಲ್ಲ. ಕಾಗದದ ಹೂ ಬರ ತಡೆಯುತ್ತದೆ, ನಿಜ, ಆದರೆ ಬಾಯಾರಿದಾಗ ಬೋಳಾಗುತ್ತದೆ. ಮೈಸೂರಿನ ಹೆಸರನ್ನೇ ಹೊತ್ತ ತುನ್‌ಬರ್ಜಿಯಾ ಮೈಸೊರೆನ್ಸಿಸ್, ಆ ಹಳದಿ-ಕೆಂಪು ತೋರಣದ ಚೆಲುವೆ, ಪಶ್ಚಿಮಘಟ್ಟದ ತಂಪಿನವಳು. ಇಲ್ಲಿಗೆ ತಂದು ನೆಡುವುದು ಪಾಪ.

ಬಂಗಲೆಯ ಗೋಡೆಯ ಮೇಲಿದ್ದದ್ದು ಫೈಕಸ್ ಪ್ಯುಮಿಲಾ. ಆಲ, ಅರಳಿ, ಅತ್ತಿಯ ದಾಯಾದಿ. ಚೀನಾ, ಜಪಾನ್ ಕಡೆಯ ಬಳ್ಳಿ. ಇದರ ಎಳೆಯ ಎಲೆ ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು. ಕಲ್ಲಿಗೆ ಮೈಯೊತ್ತಿಕೊಂಡೇ ಬೆಳೆಯುತ್ತದೆ. ಗಾಳಿಗೆ ಹಿಡಿತ ಸಿಗುವುದೇ ಇಲ್ಲ.

ಅಂಟಿಕೊಳ್ಳುವುದು ಹೇಗೆ ಎಂಬುದರಲ್ಲೇ ನನಗೆ ಮೋಹ. ಚಾರ್ಲ್ಸ್ ಡಾರ್ವಿನ್ 1865ರಲ್ಲಿ ಬಳ್ಳಿಗಳ ಬಗ್ಗೆ ದೀರ್ಘ ಪ್ರಬಂಧ ಬರೆದ; ಹತ್ತು ವರ್ಷದ ನಂತರ ಅದು ಪುಸ್ತಕವಾಯಿತು. ಅದರಲ್ಲಿ ಈ ಬಳ್ಳಿ ಫೈಕಸ್ ರೆಪೆನ್ಸ್ ಎಂಬ ಹಳೆಯ ಹೆಸರಿನಲ್ಲಿದೆ. ಅವನು ಎಳೆ ಬೇರುಗಳನ್ನು ಗಾಜಿನ ಚೂರಿಗೆ ಒತ್ತಿಟ್ಟು ಕಾದ. ವಾರದ ಹೊತ್ತಿಗೆ ಬೇರು ತಿಳಿಯಾದ, ಚೂರೇ ಚೂರು ಜಿಗುಟಾದ ಹನಿಗಳನ್ನು ಬಿಟ್ಟಿತು. ಆ ಹನಿ ತಿಂಗಳುಗಟ್ಟಲೆ ಒಣಗದೆ ಕೂತಿತು. ಹಾಗಾದರೆ ಗೋಡೆಗೆ ಗಟ್ಟಿಯಾಗಿ ಕಚ್ಚುವುದು ಹೇಗೆ? ಬೇರು ತಾನು ಬಿಟ್ಟ ರಸದ ನೀರಿನಂಶವನ್ನು ತಾನೇ ಮತ್ತೆ ಹೀರಿ, ರಬ್ಬರಿನಂಥ ಗಟ್ಟಿ ಅಂಟನ್ನಷ್ಟೇ ಬಿಡುತ್ತದೆ ಎಂಬುದು ಅವನ ಊಹೆ. ಪರೀಕ್ಷೆಗೆ ರಬ್ಬರ್ ಕರಗಿಸುವ ಕಾರ್ಬನ್ ಡೈಸಲ್ಫೈಡನ್ನೂ ಹಾಕಿ ನೋಡಿದ. ಜಗತ್ತನ್ನೇ ಅಲ್ಲಾಡಿಸಿದ ಪುಸ್ತಕ ಬರೆದಾದ ಮೇಲೂ ಒಬ್ಬ ಮನುಷ್ಯ ಬಳ್ಳಿಯ ಗೋಂದಿನ ಹನಿ ಕಾಯುತ್ತ ಕೂರುತ್ತಾನಲ್ಲ!

ಸೂರಿನ ಹತ್ತಿರ ಮಾತ್ರ ಬೇರೆ ಗಿಡವೇ ಇದ್ದಂತಿತ್ತು. ಎಲೆ ಅಂಗೈ ಉದ್ದ, ದಪ್ಪ. ಕೊಂಬೆಗಳು ಗೋಡೆ ಬಿಟ್ಟು ಹೊರಗೆ ಚಾಚಿದ್ದವು. ಅದೂ ಇದೇ ಬಳ್ಳಿ. ಮೇಲೇರಿ ಪ್ರಾಯಕ್ಕೆ ಬಂದ ಮೇಲೆ ಅಂಟುವುದನ್ನು ಬಿಟ್ಟು ಕಾಯಿ ಬಿಡುತ್ತದೆ. ಒಂದು ಕಾಯಿ ಕೈಗೆ ಸಿಕ್ಕಿತು, ಬಿಡಿಸಿದೆ. ಅತ್ತಿಹಣ್ಣು ಬಿಚ್ಚಿದರೆ ಹುಳ ಎನ್ನುತ್ತೇವೆ. ಇದರಲ್ಲಿ ಒಂದೂ ಇರಲಿಲ್ಲ. ಅತ್ತಿಯ ಬಹುತೇಕ ಪ್ರತಿ ಜಾತಿಗೂ ಪರಾಗ ಹೊರುವ ತನ್ನದೇ ಪುಟ್ಟ ಕಣಜ ಬೇಕು, ಇದರದ್ದು ಪೂರ್ವ ಏಷ್ಯಾದ್ದು. ತೈವಾನಿನಲ್ಲಿ ಇದರದೇ ಒಂದು ಬಗೆಯ ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ತಣ್ಣೀರಿನಲ್ಲಿ ಹಿಸುಕುತ್ತಾರೆ; ಒಲೆ ಹಚ್ಚದೆ ನೀರು ಜೆಲ್ಲಿಯಾಗುತ್ತದೆ, ನಿಂಬೆರಸ ಹಿಂಡಿ ತಿನ್ನುತ್ತಾರೆ. ಕೋಲಾರದ ಮಟ್ಟಿಗೆ ಆ ಆಸೆ ಬೇಡ.

ನೆಡುವವರಿಗೆ ಎರಡು ಮಾತು. ತುಂಡನ್ನು ಗೋಡೆಗಂಟಿದ ಎಳೆ ಕುಡಿಯಿಂದಲೇ ತೆಗೆಯಿರಿ. ಕಾಯಿ ಬಿಡುವ ಕೊಂಬೆಯದ್ದು ನೆಟ್ಟರೆ ಪೊದೆಯಾಗಿ ನಿಲ್ಲುತ್ತದೆ, ಹತ್ತುವುದಿಲ್ಲ. ಹಿಂಗಾರು ಮಳೆಗೆ ಮುಂಚೆ ನೆಟ್ಟು, ಮೊದಲ ಎರಡು ಬೇಸಿಗೆ ನೀರು ಕೊಡಬೇಕು. ಹತ್ತುವವರೆಗೆ ತೀರಾ ಸೋಮಾರಿ, ಹತ್ತಿದ ಮೇಲೆ ಕತ್ತರಿ ಕೆಳಗಿಡಲು ಬಿಡುವುದಿಲ್ಲ. ಸುಣ್ಣದ ಗಾರೆಯ ಗೋಡೆಗೆ ಮಾತ್ರ ಇದನ್ನು ಬಿಡಬೇಡಿ. ಕಿತ್ತರೆ ಗಾರೆಯನ್ನೂ ಹಿಡಿದುಕೊಂಡೇ ಬರುತ್ತದೆ. ಅಂಥ ಮನೆಯವರು ಗೋಡೆಯಿಂದ ಒಂದು ಮೊಳ ದೂರಕ್ಕೆ ಕಬ್ಬಿಣದ ಚಪ್ಪರ ಹಾಕಿಸಿ ಪೆಟ್ರಿಯಾ ಬಳ್ಳಿ ಹಬ್ಬಿಸಲಿ. ಅದರ ಎಲೆ ಉಪ್ಪುಕಾಗದದಷ್ಟು ಒರಟು, ನೀಲಿ ಗೊಂಚಲು ಬಿಟ್ಟಾಗ ಕಣ್ಣಿಗೂ ಹಬ್ಬ. ನನ್ನ ಮತವಂತೂ ಗೋಡೆಗಂಟುವುದಕ್ಕೇ.