ಹೊಲಕ್ಕಿಳಿದ ವಿಮಾನ ಕಲಿಸುವ ಪಾಠ

2023ರ ಮೇ 30ರಂದು ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಹಾರಿದ ಪುಟ್ಟ ತರಬೇತಿ ವಿಮಾನವೊಂದು ತಾಂತ್ರಿಕ ದೋಷಕ್ಕೆ ಸಿಲುಕಿ, ಸಮೀಪದ ಹೊನ್ನಿಹಾಳ ಗ್ರಾಮದ ಹೊಲದಲ್ಲಿ ತುರ್ತು ಭೂಸ್ಪರ್ಶ ಮಾಡಿತು. ರೆಡ್‌ಬರ್ಡ್ ಎಂಬ ಖಾಸಗಿ ಸಂಸ್ಥೆಗೆ ಸೇರಿದ ಆ ವಿಮಾನದಲ್ಲಿದ್ದ ತರಬೇತುದಾರ ಹಾಗೂ ಪ್ರಶಿಕ್ಷಣಾರ್ಥಿ ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದರು. ಸಾವು ಸಂಭವಿಸದ ಅಪಘಾತ ಜನರ ನೆನಪಿನಿಂದ ಬೇಗ ಮರೆಯಾಗುತ್ತದೆ. ಆದರೆ ತನಿಖೆಯ ದೃಷ್ಟಿಯಿಂದ ಇಂಥ ಘಟನೆಗಳೇ ಅಮೂಲ್ಯ. ಏನಾಯಿತೆಂದು ಹೇಳಬಲ್ಲವರು ಇಲ್ಲಿ ಜೀವಂತ ಇರುತ್ತಾರೆ.

ದೊಡ್ಡ ವಿಮಾನಗಳಲ್ಲಿ ಕಡ್ಡಾಯವಾಗಿರುವ ‘ಕಪ್ಪು ಪೆಟ್ಟಿಗೆ’ ಇಂಥ ಪುಟ್ಟ ವಿಮಾನಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹೀಗಾಗಿ ತನಿಖಾಧಿಕಾರಿ ನೆಲವನ್ನೂ ಲೋಹವನ್ನೂ ಓದಬೇಕಾಗುತ್ತದೆ. ಮಣ್ಣಿನಲ್ಲಿ ಚಕ್ರಗಳು ಕೊರೆದ ಗೆರೆಗಳು ಇಳಿಕೆಯ ಕೋನವನ್ನು ಸೂಚಿಸುತ್ತವೆ. ಪ್ರೊಪೆಲರಿನ ಅಲಗುಗಳು ತಿರುಚಿಕೊಂಡಿದ್ದರೆ ನೆಲ ಮುಟ್ಟುವಾಗ ಎಂಜಿನ್ ಬಲದಿಂದ ತಿರುಗುತ್ತಿತ್ತೆಂದು ಊಹಿಸಬಹುದು; ಒಂದು ಅಲಗು ಮಾತ್ರ ಹಿಂದಕ್ಕೆ ಬಾಗಿದ್ದರೆ ಅದು ನಿಂತುಹೋಗಿದ್ದ ಸಾಧ್ಯತೆ ಹೆಚ್ಚು. ಇಂಧನದಲ್ಲಿ ನೀರು ಬೆರೆತಿತ್ತೇ, ನಿರ್ವಹಣೆಯ ದಾಖಲೆಗಳು ಸರಿಯಾಗಿದ್ದವೇ, ನಿಯಂತ್ರಣ ಗೋಪುರದೊಂದಿಗೆ ನಡೆದ ಸಂಭಾಷಣೆ ಏನು ಎಂಬುದೆಲ್ಲ ಆನಂತರದ ಪ್ರಶ್ನೆಗಳು.

ದೇಶದಲ್ಲಿ ಈ ಹೊಣೆಗಾಗಿ 2012ರಲ್ಲಿ ವಿಮಾನ ಅಪಘಾತ ತನಿಖಾ ದಳ ಸ್ಥಾಪನೆಯಾಯಿತು. ಅಂತರರಾಷ್ಟ್ರೀಯ ನಿಯಮದಂತೆ ತನಿಖೆಯ ಉದ್ದೇಶ ಮುಂದಿನ ಅಪಘಾತವನ್ನು ತಡೆಯುವುದೇ ಹೊರತು ತಪ್ಪಿತಸ್ಥರನ್ನು ಗುರುತಿಸುವುದಲ್ಲ. ಈ ವ್ಯತ್ಯಾಸ ಸಣ್ಣದಲ್ಲ. ಶಿಕ್ಷೆಯ ಭಯವಿದ್ದಲ್ಲಿ ಕಲಿಯುವವನು ಸತ್ಯವನ್ನು ಮುಚ್ಚಿಡುತ್ತಾನೆ. ಮುಚ್ಚಿಟ್ಟ ಸತ್ಯ ಮತ್ತೊಬ್ಬನ ಜೀವಕ್ಕೆ ಎರವಾಗುತ್ತದೆ. ಹಾಗೆಂದು ಸಂಸ್ಥೆಗಳು ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಾರಾಮತಿ ಬಳಿ ಕೆಲವೇ ದಿನಗಳ ಅಂತರದಲ್ಲಿ ಇದೇ ಸಂಸ್ಥೆಯ ಎರಡು ವಿಮಾನಗಳು ಅಪಘಾತಕ್ಕೀಡಾದಾಗ, ನಾಗರಿಕ ವಿಮಾನಯಾನ ಮಹಾ ನಿರ್ದೇಶನಾಲಯ ಅದರ ಹಾರಾಟವನ್ನು ತಡೆಹಿಡಿಯಿತು. ಮೇ ತಿಂಗಳ ಎಚ್ಚರಿಕೆ ಅಷ್ಟರಲ್ಲಿ ಯಾರ ಕಿವಿಗೆ ಬಿದ್ದಿತ್ತು ಎಂದು ಕೇಳುವುದು ಅನುಚಿತವಲ್ಲ.

ಬೆಳಗಾವಿಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೂಪುಗೊಂಡ ಸಾಂಬ್ರಾ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಬೇಸಿಗೆಯಲ್ಲಿ ಇಲ್ಲಿನ ಗಾಳಿ ತೆಳುವಾಗಿ, ಎಂಜಿನ್‌ನ ಶಕ್ತಿಯೂ ರೆಕ್ಕೆಯ ಎತ್ತುವ ಬಲವೂ ಕುಗ್ಗುತ್ತವೆ. ಪುಟ್ಟ ವಿಮಾನದ ಎಂಜಿನ್ 1,000 ಅಡಿ ಎತ್ತರದಲ್ಲಿ ನಿಂತರೆ ತೇಲಿಕೊಂಡು ಸಾಗಬಹುದಾದ ದೂರ ಸುಮಾರು ಎರಡೂವರೆ ಕಿಲೋಮೀಟರ್ ಮಾತ್ರ. ಸಾಂಬ್ರಾದ ಸುತ್ತ ಬಯಲು ಹೊಲಗಳಿವೆ. ಹೊನ್ನಿಹಾಳದಲ್ಲಿ ಎರಡು ಜೀವ ಉಳಿಸಿದ್ದು ಅವುಗಳಲ್ಲೊಂದು. ಖಾನಾಪುರದತ್ತ ಸಾಗಿದರೆ ಚಿತ್ರ ಬದಲಾಗುತ್ತದೆ. ಜಾಂಬೋಟಿ, ಕಣಕುಂಬಿಗಳತ್ತ ದಟ್ಟ ಕಾಡು, ಕಣಿವೆ, ಮಳೆಗಾಲದಲ್ಲಿ ನೆಲಕ್ಕಿಳಿಯುವ ಮೋಡ. ಅಲ್ಲಿ ಅದೇ ದೋಷ ತಲೆದೋರಿದರೆ ಇಳಿಯಲು ತಾವಿಲ್ಲ. ಬಿದ್ದವರನ್ನು ಹುಡುಕುವುದೂ ಸುಲಭವಲ್ಲ.

ಆದ್ದರಿಂದ ಕೆಲವು ಕ್ರಮಗಳು ಅಗತ್ಯ. ತನಿಖಾ ವರದಿಗಳ ಸಾರಾಂಶ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಸ್ಥಳೀಯರಿಗೆ ದೊರೆಯಬೇಕು. ತರಬೇತಿ ಹಾರಾಟದ ವಲಯಗಳನ್ನು ಗೊತ್ತುಮಾಡುವಾಗ ತುರ್ತಾಗಿ ಇಳಿಯಬಹುದಾದ ಬಯಲುಗಳನ್ನು ಮೊದಲೇ ಗುರುತಿಸಬೇಕು. ಮೊದಲು ಓಡಿಬರುವವರು ಹಳ್ಳಿಗರೇ ಆದ್ದರಿಂದ, ಗಾಯಾಳುಗಳನ್ನು ಹೊರತೆಗೆದು ಬೆಂಕಿಯಿಂದ ದೂರವಿರಬೇಕು, ವಿಮಾನದ ಭಾಗಗಳನ್ನು ಮುಟ್ಟಬಾರದು ಎಂಬ ತಿಳಿವಳಿಕೆಯನ್ನು ಗ್ರಾಮ ಪಂಚಾಯಿತಿಗಳ ಮೂಲಕ ನೀಡಬೇಕು. ಸ್ಮರಣಿಕೆಯೆಂದು ಎತ್ತಿಕೊಂಡ ತಗಡಿನ ಚೂರೇ ತನಿಖೆಗೆ ಬೇಕಾದ ಸಾಕ್ಷಿಯಾಗಿರಬಹುದು.

ಆಕಾಶದಲ್ಲಿ ಹಾರಲು ಕಲಿಯುತ್ತಿರುವವರೂ ಅದರ ಕೆಳಗೆ ಹೊಲ ಉಳುತ್ತಿರುವವರೂ ನಮ್ಮ ಮಕ್ಕಳೇ. ಅಂದು ಹೊನ್ನಿಹಾಳದಲ್ಲಿ ಅದೃಷ್ಟ ಕೈಹಿಡಿಯಿತು. ಅದೃಷ್ಟವನ್ನೇ ಸುರಕ್ಷತಾ ವ್ಯವಸ್ಥೆಯೆಂದು ನಂಬಿ ಕೂರಲಾಗದು.