ನೆಲದ ಮೇಲೆ ಕೂರುವವರ ಸೊಂಟದ ಕೀಲು

ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳು, ಅಥಣಿಯಲ್ಲಿ ಕೊಲ್ಹಾಪುರಿ ಚಪ್ಪಲಿ ಮಾಡುವವರು, ಚಿಕ್ಕೋಡಿ, ರಾಯಬಾಗ, ಕಾಗವಾಡದ ಹೊಲಗಳಲ್ಲಿ ಕಬ್ಬು ಕಡಿಯುವವರು: ಇವರ ದುಡಿಮೆ, ಊಟ, ಶೌಚ ಎಲ್ಲವೂ ನೆಲಕ್ಕೆ ಹತ್ತಿರ. ಸೊಂಟದ ಕೀಲು ಕೆಟ್ಟು ಬೆಳಗಾವಿಗೋ ಮಿರಜಿಗೋ ಕೀಲು ಬದಲಿಸುವ ಆಪರೇಷನ್ನಿಗೆ ಹೊರಟಾಗ ಮನಸ್ಸಿನಲ್ಲಿರುವುದು ಒಂದೇ ಪ್ರಶ್ನೆ: "ಮತ್ತ ನೆಲದ ಮ್ಯಾಲ ಕೂಡಾಕ ಬರ್ತದೇನ್ರಿ?"

ಕೀಲು ತಪ್ಪುವುದು ಹೇಗೆ

ತೊಡೆಯೆಲುಬಿನ ತಲೆ ಸೊಂಟದೆಲುಬಿನ ಬಟ್ಟಲಲ್ಲಿ, ಒರಳಿನೊಳಗೆ ಗುಂಡುಕಲ್ಲು ತಿರುಗಿದಂತೆ ತಿರುಗುತ್ತದೆ. ಸುತ್ತಲಿನ ಸ್ನಾಯು ಮತ್ತು ಪೊರೆ ಅದನ್ನು ಹಿಡಿದಿಡುತ್ತವೆ. ಆಪರೇಷನ್ನಿನಲ್ಲಿ ಇವನ್ನು ಬಿಡಿಸಿ ಮತ್ತೆ ಹೊಲಿಯಬೇಕಾಗುವುದರಿಂದ, ಅವು ಗಟ್ಟಿಯಾಗುವ ಮೊದಲ ಮೂರು ತಿಂಗಳಲ್ಲೇ ಕೀಲು ತಪ್ಪುವ ಭಯ ಹೆಚ್ಚು.

ನೆಲದಿಂದ ಏಳುವವರನ್ನು ಗಮನಿಸಿ. ಕೈಯೂರಿ ಮುಂದಕ್ಕೆ ಬಾಗುತ್ತಾರೆ, ತೊಡೆ ಹೊಟ್ಟೆಯತ್ತ ಬರುತ್ತದೆ, ಒಂದು ಮಂಡಿ ಒಳಕ್ಕೆ ಹೊರಳುತ್ತದೆ. ಆಗ ತೊಡೆಯೆಲುಬಿನ ಕುತ್ತಿಗೆ ಬಟ್ಟಲಿನ ಮುಂಭಾಗದ ಅಂಚಿಗೆ ತಾಕಿ ಗುಂಡನ್ನು ಹಿಂದಕ್ಕೆ ಎತ್ತುತ್ತದೆ. ಕೀಲು ಹಿಂದಕ್ಕೆ ತಪ್ಪುವುದು ಹೆಚ್ಚಾಗಿ ಇಂಥ ಭಂಗಿಯಲ್ಲೇ.

ದೊಡ್ಡ ಗುಂಡಿನ ಬಲ

ಪೂರ್ತಿ ಕೀಲು ಬದಲಿಸುವಾಗ ಎಲುಬಿನ ತಲೆಯನ್ನು ಕತ್ತರಿಸಿ ತೆಗೆದು, ಸಾಮಾನ್ಯವಾಗಿ 28ರಿಂದ 36 ಮಿ.ಮೀ. ಗಾತ್ರದ ಗುಂಡು ಕೂಡಿಸುತ್ತಾರೆ. ಹಿಪ್ ರೀಸರ್ಫೇಸಿಂಗ್‌ನಲ್ಲಿ ತಲೆ ಉಳಿಯುತ್ತದೆ. ಅದನ್ನು ಹದವಾಗಿ ಕೆತ್ತಿ ಲೋಹದ ಟೊಪ್ಪಿಗೆ ತೊಡಿಸುತ್ತಾರೆ. ಗುಂಡು ಹೆಚ್ಚುಕಡಿಮೆ ಸಹಜ ಗಾತ್ರದ್ದೇ, ಗಂಡಸರಲ್ಲಿ 50 ಮಿ.ಮೀ. ಆಸುಪಾಸು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಡೆರೆಕ್ ಮೆಕ್‌ಮಿನ್ ಮತ್ತು ರೋನನ್ ಟ್ರೀಸಿ ರೂಪಿಸಿದ ಸಾಧನ 1997ರಲ್ಲಿ ಬಳಕೆಗೆ ಬಂತು. ಗುಂಡು ದೊಡ್ಡದಾದಷ್ಟೂ ಅದು ಬಟ್ಟಲಿನ ಅಂಚು ದಾಟಲು ಹೆಚ್ಚು ದೂರ ಸರಿಯಬೇಕು. ಹೀಗಾಗಿ ಈ ವಿಧಾನದಲ್ಲಿ ಕೀಲು ತಪ್ಪುವುದು ಅಪರೂಪ. ಟೆನಿಸ್ ಆಟಗಾರ ಆಂಡಿ ಮರ್ರೆ 2019ರ ಜನವರಿಯಲ್ಲಿ ಇದೇ ಆಪರೇಷನ್ ಮಾಡಿಸಿಕೊಂಡು, ಅದೇ ವರ್ಷ ಅಕ್ಟೋಬರಿನಲ್ಲಿ ಸಿಂಗಲ್ಸ್ ಪ್ರಶಸ್ತಿ ಗೆದ್ದರು.

ಎಲ್ಲರಿಗೂ ಒಗ್ಗುವುದಿಲ್ಲ

ಉಳಿಸಿಕೊಂಡ ಎಲುಬಿನ ಕುತ್ತಿಗೆ ಮೊದಲ ತಿಂಗಳುಗಳಲ್ಲಿ ಮುರಿಯಬಹುದು. ಬಟ್ಟಲು ತೀರಾ ಕಡಿದಾಗಿ ಕೂತರೆ ಲೋಹಕ್ಕೆ ಲೋಹ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ರಕ್ತ ಸೇರುತ್ತವೆ, ಸುತ್ತಲಿನ ಮಾಂಸ ಹಾಳಾಗುತ್ತದೆ. ಇಂಥ ತೊಂದರೆಗಳಿಂದಲೇ ಎ.ಎಸ್.ಆರ್. ಎಂಬ ಸಾಧನವನ್ನು 2010ರಲ್ಲಿ ಜಗತ್ತಿನಾದ್ಯಂತ ಹಿಂತೆಗೆದುಕೊಳ್ಳಲಾಯಿತು. ಹೆಚ್ಚಾಗಿ ಹೆಣ್ಣುಮಕ್ಕಳಿಗೆ ಹೊಂದುವ ಸಣ್ಣ ಗಾತ್ರದ ಗುಂಡುಗಳು ಬೇಗ ಕೆಡುವುದು ಕಂಡು, 2015ರಲ್ಲಿ ಬರ್ಮಿಂಗ್‌ಹ್ಯಾಮ್ ಸಾಧನದ ತಯಾರಕರು ಅದನ್ನು ಹೆಣ್ಣುಮಕ್ಕಳಿಗೆ ಬಳಸಬಾರದೆಂದರು.

ಎಂದರೆ ದಿನವಿಡೀ ನೆಲದ ಮೇಲೆ ಕೂತು ಬೀಡಿ ಕಟ್ಟುವ ತಾಯಿಗೆ ಈ ಸಾಧನದ ದೊಡ್ಡ ಗುಂಡಿನ ಆಸರೆ ಸಿಗದು. ಅವರಿಗೆ ಸಾಮಾನ್ಯವಾಗಿ ಪೂರ್ತಿ ಕೀಲು ಬದಲಾವಣೆಯೇ ದಾರಿ. ಅದರಲ್ಲೂ 36 ಮಿ.ಮೀ. ಗುಂಡು, ಇಲ್ಲವೇ 1970ರ ದಶಕದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ, ಗುಂಡು ಎರಡು ಪದರಗಳಲ್ಲಿ ತಿರುಗುವ 'ಡ್ಯುಯಲ್ ಮೊಬಿಲಿಟಿ' ಬಟ್ಟಲು ಕೀಲು ತಪ್ಪುವ ಭಯವನ್ನು ತಗ್ಗಿಸುತ್ತವೆ.

ಮನೆಗೆ ಬಂದ ಮೇಲೆ

ವೈದ್ಯರು ಒಪ್ಪುವವರೆಗೆ ಕುಕ್ಕರಗಾಲು, ಚಕ್ಕಳಮಕ್ಕಳ ಎರಡೂ ಬೇಡ. ಕಮೋಡ್ ಕುರ್ಚಿ ಮತ್ತು ಎತ್ತರದ ಮಂಚವನ್ನು ಆಪರೇಷನ್ನಿಗೆ ಮೊದಲೇ ಹೊಂದಿಸಿಡಿ. ಮಗ್ಗುಲಾಗಿ ಮಲಗುವಾಗ ಕಾಲುಗಳ ನಡುವೆ ದಿಂಬಿರಲಿ. ಕೆಳಗೆ ಬಿದ್ದದ್ದನ್ನು ಬೇರೆಯವರು ಎತ್ತಿಕೊಡಲಿ.

ಏಕಾಏಕಿ ತಡೆಯಲಾರದ ನೋವು ಬಂದು, ಕಾಲು ಗಿಡ್ಡವಾಗಿ, ಪಾದ ಒಳಕ್ಕೆ ತಿರುಗಿದರೆ ಕೀಲು ತಪ್ಪಿರಬಹುದು. ಯಾರಿಂದಲೂ ಎಳೆಸಬೇಡಿ, ಎಣ್ಣೆ ತಿಕ್ಕಿಸಬೇಡಿ. ರೋಗಿಯನ್ನು ಅಲುಗಿಸದೆ ಮಲಗಿಸಿ 108ಕ್ಕೆ ಕರೆ ಮಾಡಿ. ಎಕ್ಸ್‌ರೇ ತೆಗೆದು, ಅರಿವಳಿಕೆ ಕೊಟ್ಟು ಕೂಡಿಸಬೇಕಾದ ಕೀಲು ಅದು.

ಆಪರೇಷನ್ನಿಗೆ ಒಪ್ಪುವ ಮುನ್ನ ನಿಮ್ಮ ಕೆಲಸವೇನು, ಹೊತ್ತಿಗೆಷ್ಟು ಸಲ ನೆಲಕ್ಕೆ ಕೂತು ಏಳುತ್ತೀರಿ, ಮನೆಯ ಶೌಚಾಲಯ ಎಂಥದ್ದು ಎಂಬುದನ್ನು ವೈದ್ಯರಿಗೆ ಬಿಡಿಸಿ ಹೇಳಿ. ಯಾವ ಗುಂಡು, ಯಾವ ಬಟ್ಟಲು ಎಂದು ತೀರ್ಮಾನಿಸಲು ಎಕ್ಸ್‌ರೇಯಷ್ಟೇ ಈ ಮಾತೂ ಅವರಿಗೆ ಬೇಕು.