ಅಜ್ಜನ ಟ್ರಂಕಿನ ಹಳೇ ನೋಟಿಗೆ ಕಿಮ್ಮತ್ತು ಎಷ್ಟು? ಮಾರೋಕೆ ಮುಂಚೆ ಇಷ್ಟು ನೋಡ್ರಿ

ಕಣಗಿನಹಾಳ: ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದ ಊರಿದು. ರೊಕ್ಕದ ಲೆಕ್ಕ ಕಾಗದದಲ್ಲಿಡುವ ರೂಢಿ ಇಲ್ಲಿ ನೂರು ವರ್ಷಕ್ಕೂ ಹಳೆಯದು. ಮನೆ ಪಾಲಾದಾಗ, ಹಳೇ ಮನಿ ಕೆಡವಿದಾಗ ಟ್ರಂಕಿನಿಂದ ಹಿರಿಯರ ನೋಟುಗಳೂ ಹೊರಬರುತ್ತವೆ. ಮೊಬೈಲ್ ತೆಗೆದರೆ ‘ಈ ನೋಟಿದ್ದರೆ ನೀವೇ ಲಕ್ಷಾಧೀಶ’ ಅನ್ನೋ ವಿಡಿಯೋ. ಅದನ್ನು ನಂಬುವ ಮುಂಚೆ ನೋಟನ್ನೇ ಸರಿಯಾಗಿ ನೋಡಬೇಕು.

ಯಾವ ಕಾಲದ್ದು?

ಮೊದಲು ಚಿತ್ರ, ಆಮೇಲೆ ಸಹಿ. ರಿಸರ್ವ್ ಬ್ಯಾಂಕ್ 1935ರಲ್ಲಿ ಶುರುವಾದರೂ ಅದರ ಮೊದಲ ನೋಟು ಬಂದಿದ್ದು 1938ರಲ್ಲಿ: ಆರನೇ ಜಾರ್ಜ್ ಚಿತ್ರದ 5 ರೂಪಾಯಿ, ಜೆ.ಬಿ. ಟೇಲರ್ ಸಹಿ. ನಂತರ ಬಂದ ಸಿ.ಡಿ. ದೇಶಮುಖ್ ಮೊದಲ ಭಾರತೀಯ ಗವರ್ನರ್.

1 ರೂಪಾಯಿ ನೋಟಿನ ಕಥೆ ಬೇರೆ. 1917ರಲ್ಲಿ ಶುರುವಾದ ಈ ನೋಟು ಸರ್ಕಾರದ್ದು. ಇವತ್ತಿಗೂ ಹಣಕಾಸು ಕಾರ್ಯದರ್ಶಿ ಸಹಿ ಇರುತ್ತದೆ. ಗವರ್ನರ್ ಸಹಿ ಇಲ್ಲ ಅಂತ ಖೋಟಾ ಅನ್ಕೋಬೇಡಿ.

ಮುಂಡರಗಿ ಕಡೆಯವರಿಗೆ ಇನ್ನೊಂದು ಮಾತು. ಪಕ್ಕದ ಕೊಪ್ಪಳ ಸೀಮೆ ಆಗ ನಿಜಾಮರದು. ಹೈದರಾಬಾದ್ ಸಂಸ್ಥಾನ 1918ರ ಕಾಯ್ದೆಯ ಮೇಲೆ ತನ್ನದೇ ನೋಟು ಹೊರಡಿಸಿತ್ತು. ಅದರಲ್ಲಿ ಉರ್ದು ಜತೆ ಕನ್ನಡ ಅಕ್ಷರವೂ ಇದೆ. ಓದಲು ಬರಲಿಲ್ಲ ಅಂತ ಎಸೆಯಬೇಡಿ.

ಬೆಲೆ ಹೇಗೆ ಕಟ್ಟುತ್ತಾರೆ?

ಹಳೇದು ಅಂದಮಾತ್ರಕ್ಕೆ ದುಬಾರಿ ಅಲ್ಲ. ಆ ಸಹಿಯ, ಆ ಸರಣಿಯ ನೋಟು ಎಷ್ಟು ಉಳಿದಿವೆ, ಹೇಗಿದೆ, ಕೊಳ್ಳುವವರು ಇದ್ದಾರಾ ಅನ್ನೋದೇ ಮುಖ್ಯ. ಮಡಿಕೆ ಇಲ್ಲದ ಗರಿಗರಿ ನೋಟಿಗೂ, ನಾಲ್ಕು ಮಡಿಕೆ ಬಿದ್ದು ಪಿನ್ ತೂತಾದ ಅದೇ ನೋಟಿಗೂ ಬೆಲೆಯಲ್ಲಿ ಅಜಗಜಾಂತರ. ಮನಮೋಹನ್ ಸಿಂಗ್ ಸಹಿಯ ನೋಟು ಹೆಸರುವಾಸಿ ನಿಜ, ಆದರೆ ಲಕ್ಷಗಟ್ಟಲೆ ಅಚ್ಚಾಗಿವೆ.

ನೋಟು ತೊಳೆಯುವುದು, ಇಸ್ತ್ರಿ ಹಾಕುವುದು, ಟೇಪ್ ಅಂಟಿಸುವುದು, ಲ್ಯಾಮಿನೇಷನ್ ಮಾಡಿಸುವುದು ಬೇಡವೇ ಬೇಡ. ಇದ್ದ ಬೆಲೆಯೂ ಹೋಗುತ್ತದೆ.

ಕಾನೂನು ಏನು ಹೇಳುತ್ತದೆ?

2016ರಲ್ಲಿ ರದ್ದಾದ 500, 1000ದ ನೋಟು ಟ್ರಂಕಿನಲ್ಲಿ ಸಿಕ್ಕರೆ ಎಣಿಸಿ ನೋಡಿ. 2017ರ ಕಾಯ್ದೆ ಪ್ರಕಾರ ಒಟ್ಟು 10ಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಧ್ಯಯನ, ಸಂಗ್ರಹಕ್ಕಾದರೆ 25ರವರೆಗೆ. ಮೀರಿದರೆ ದಂಡ 10 ಸಾವಿರ ಅಥವಾ ನೋಟಿನ ಮೊತ್ತದ ಐದು ಪಟ್ಟು, ಯಾವುದು ಹೆಚ್ಚೋ ಅದು. 1, 2, 5 ರೂಪಾಯಿಯ ಗಾಂಧಿ, ಅಶೋಕ ಸ್ತಂಭದ ನೋಟುಗಳಿಗೆ ಈ ಭಯ ಇಲ್ಲ.

ಮೋಸ ಎಲ್ಲಿ?

‘ನಿಮ್ಮ ನೋಟಿಗೆ 5 ಲಕ್ಷ ಕೊಡ್ತೀವಿ, ಮೊದಲು ಜಿಎಸ್‌ಟಿ, ಕಮಿಷನ್ ಹಾಕಿ’ ಅಂದರೆ ಅಲ್ಲಿಗೇ ಫೋನ್ ಇಟ್ಟುಬಿಡಿ. ಹಳೇ ನೋಟು, ನಾಣ್ಯದ ವ್ಯಾಪಾರ ತಾನು ಮಾಡುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ, ಅದಕ್ಕಾಗಿ ಕಮಿಷನ್ ಕೇಳುವುದಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ಕೊಳ್ಳುವವನು ರೊಕ್ಕ ಕೊಡಬೇಕೇ ಹೊರತು ಕೇಳಬಾರದು. ಈಗಾಗಲೇ ಹಾಕಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮಾರುವುದೇ ಆದರೆ ಎರಡೂ ಬದಿಯ ಫೋಟೋ ತೆಗೆದಿಟ್ಟು, ಕನಿಷ್ಠ ಇಬ್ಬರು ನಾಣ್ಯ-ನೋಟು ವ್ಯಾಪಾರಿಗಳ ಹತ್ತಿರ ಬೆಲೆ ಕೇಳಿ. ಅಣ್ತಮ್ಮಂದಿರ ಪಾಲಿನ ನೋಟಾದರೆ ಎಲ್ಲರ ಮುಂದೆ ನಂಬರ್ ಬರೆದಿಟ್ಟುಕೊಳ್ಳಿ. ನೋಟಿಗಿಂತ ಜಗಳವೇ ದುಬಾರಿ ಆಗಬಾರದು.